ನಾಲ್ಕಕ್ಕೆ ನಾಲ್ಕು

ಜೂನ್ ೩

ದೊಡ್ಡಪ್ಪ,

ಆ ಡಬ್ಬಿ ನಾನು ತಗೊಂಡಿಲ್ಲ. ಬೇಕಾದ್ರೆ ಇನ್ನೊಂದ್ಸಲ ಓದ್ಕೊಳ್ಳಿ. ತಗೊಂಡಿಲ್ಲ.

ನನ್ನನ್ನೇ ಕೇಳ್ಬೋದಿತ್ತು ನೀವು. ಕೇಳ್ಲಿಲ್ಲ. ಎದುರುಮನೆ ಟೈಲರ್ ಅಕ್ಕನ ಹತ್ರ ಹೇಳಿದ್ರಿ. ಅವಳು ನಂಗೆ ಫೋನ್ ಮಾಡಿ, "ಏನೋ, ಹೋದ ಸಲ ಬಂದಾಗ ನಿಮ್ಮ ದೊಡ್ಡಪ್ಪನ ಎಲ್ ಅಕ್ಷರದ ಡಬ್ಬಿ ಹೊತ್ಕೊಂಡು ಹೋದ್ಯಂತೆ? ಪಾಪ, ಊಟ ಬಿಟ್ಟು ಕೂತಿದಾರೆ ಕಣೋ" ಅಂದ್ಲು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿ ಅವಳು. ನಿಮಗೆ ಫೋನ್ ಮಾಡಿದ್ರೆ ಎತ್ಕೋತೀರಿ, ನನ್ನ ದನಿ ಕೇಳಿದ ಕೂಡ್ಲೇ ಇಟ್ಟುಬಿಡ್ತೀರಿ. ಅದಕ್ಕೇ ಬರೀತಿದೀನಿ. ಒಂಬತ್ತನೇ ಕ್ಲಾಸ್ ಮುಗಿಸದೋನ ಬರಹ, ಸಹಿಸ್ಕೊಳ್ಳಿ.

ಅದನ್ನ ಕದ್ದು ನಾನೇನು ಉಪ್ಪಿನಕಾಯಿ ಹಾಕ್ಲಾ? ರಟ್ಟು ಕಿತ್ತುಹೋದ ಆ ಹಳೇ ಇಂಗ್ಲಿಷ್ ನಿಘಂಟು. ಅದರಲ್ಲಿ ಇಂಗ್ಲಿಷಿನೋರೇ ಕೈಬಿಟ್ಟಿರೋ ಪದಗಳು. ಒಂದೊಂದಕ್ಕೂ ನೀವು ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದ ಅರ್ಥ. ಅಕ್ಷರಕ್ಕೊಂದು ಚಪ್ಪಲಿ ಡಬ್ಬಿ. ಬೀದೀಲಿ ಹುಡುಗ್ರೆಲ್ಲ ಚೆಂಡು ಆಡ್ತಿದ್ರೆ ನಾನು ಒಳಗೆ ಕೂತು ಕಾರ್ಡ್ ಜೋಡಿಸ್ತಿದ್ದೆ. ಎಲ್ ಡಬ್ಬೀಲಿ ಏನಿತ್ತು ಅಂತ ನಂಗೆ ಬಾಯಿಪಾಠ. ಲ್ಯಾಟಿಬ್ಯುಲೇಟ್: ಯಾರಿಗೂ ಕಾಣದ ಹಾಗೆ ಮೂಲೆಯಲ್ಲಿ ಅವಿತುಕೊಳ್ಳುವುದು. ಲ್ಯಾಂಟ್: ಕೂಡಿಟ್ಟು ಹಳಸಿದ ಉಚ್ಚೆ. ಹಳಸಿದ ಉಚ್ಚೆ ಕದಿಯೋಕೆ ನಂಗೇನು ಹುಚ್ಚಾ.

ಕದಿಯೋದೇ ಆಗಿದ್ರೆ ಜೆ ಡಬ್ಬಿ ಕದೀತಿದ್ದೆ. ನೆನಪಿದ್ಯಾ? ಸ್ಕೂಲಲ್ಲಿ ನಿಮ್ಮ ಇಂಗ್ಲಿಷ್ ಪೀರಿಯಡ್ಡು. ಒಂದು ಸಾಲು ಓದು ಅಂದ್ರಿ, ನಾನು ತಡವರಿಸ್ದೆ. ಇಡೀ ಕ್ಲಾಸಿನ ಮುಂದೆ ಅಂದ್ರಿ, "ಜಾಬರ್‌ನೌಲ್. ತಲೆಯಿರಬೇಕಾದ ಜಾಗದಲ್ಲಿ ಮರದ ದಿಮ್ಮಿ ಇರುವವನು." ಮಧ್ಯಾಹ್ನದಷ್ಟರಲ್ಲಿ ನಾನು ಜಾಬರ್ ಆಗಿದ್ದೆ. ಗಂಟೆ ಹೊಡೆಯೋನೂ ಜಾಬರ್ ಅಂದ. ಆ ವರ್ಷಾನೇ ಸ್ಕೂಲಿಗೆ ಶರಣು ಹೊಡ್ದೆ. ನೀವು ಒಂದು ಮಾತು ಆಡ್ಲಿಲ್ಲ.

ಈಗ ಮರದ ತಲೆ ಮರದ ಕೆಲಸಾನೇ ಮಾಡ್ತಿದೆ. ಊರಿಂದ ದೂರ ಆದ್ರೂ ಪರ್ವಾಗಿಲ್ಲ. ಇಲ್ಲಿ ಯಾರೂ ನನ್ನನ್ನ ಒಂದು ಪದ ಮಾಡ್ಕೊಂಡಿಲ್ಲ.

ನಾಡಿದ್ದು ಬಂದು ನೋಡ್ಕೊಂಡು ಹೋಗೋಣ ಅಂತಿದ್ದೆ. ಇನ್ನು ಬರಲ್ಲ.

ನಿಮ್ಮ ತಮ್ಮನ ಮಗ

---

ಜೂನ್ ೧೫

ಚಿರಂಜೀವಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕೈಬರಹ ಸುಧಾರಿಸಿದೆ. ಭಾಷೆ ಸುಧಾರಿಸಿಲ್ಲ.

ಎಲ್ ಅಕ್ಷರದ ಡಬ್ಬಿ ಸಿಕ್ಕಿತು. ಬಟ್ಟೆಗಳನ್ನು ಮಡಿಸಿ ಇಡುವ, ಗೋಡೆಗೆ ಒರಗಿ ನಿಂತ, ಎರಡು ಬದಿಗೂ ತೆರೆಯುವ ಮರದ ಸಾಮಾನಿನಲ್ಲಿ, ನಿನ್ನ ದೊಡ್ಡಮ್ಮನ ಹಳೆಯ ಶಾಲಿನ ಕೆಳಗೆ ಇತ್ತು. ಅಲ್ಲಿ ಯಾರಿಟ್ಟರೋ ತಿಳಿಯದು. ಆಕೆ ಹೋದ ಮೇಲೆ ಈ ಮಹಡಿಯ ಮೇಲೆ ನಾನಲ್ಲದೆ ಬೇರೆ ಯಾರೂ ಇಲ್ಲ. ನೀನು ಹೇಳಿದ್ದು ನಿಜವಾಯಿತು. ಇದನ್ನು ಬರೆದು ತಿಳಿಸುವುದು ನನ್ನ ಕರ್ತವ್ಯ.

ನೀನು ಅಲ್ಲಿ ಏನು ಮಾಡುತ್ತೀ ಎಂದು ಎದುರುಮನೆಯಾಕೆ ಹೇಳಿದಳು. ಗೋಡೆಯಲ್ಲಿ ಬಿಟ್ಟ ತೆರಪಿಗೆ ಒಂದು ಬದಿಯಲ್ಲಿ ಸಿಕ್ಕಿಸಿದ, ತಿರುಗಿ ತೆರೆದುಕೊಳ್ಳುವ ಹಲಗೆ. ಬರುವವರನ್ನು ಒಳಗೆ ಬಿಡುವುದೂ, ಬೇಡದವರನ್ನು ಹೊರಗೆ ನಿಲ್ಲಿಸುವುದೂ ಅದರ ಕೆಲಸ. ಅಂಥದನ್ನು ನೀನು ಮಾಡುತ್ತೀಯಂತೆ. ಒಳ್ಳೆಯ ಕಸುಬು.

ಫೋನಿನ ವಿಷಯ. ಅದರಲ್ಲಿ ಎದುರಿನವರು ಅವಸರ ಮಾಡುತ್ತಾರೆ. ಪತ್ರದಲ್ಲಿ ಯೋಚಿಸಲು ಸಮಯವಿರುತ್ತದೆ. ಪತ್ರವನ್ನೇ ಬರೆ.

ರೂಢಿಯಂತೆ ಒಂದು ಪದ. ಪೆರೆಂಡಿನೇಟ್: ಮಾಡಬೇಕಾದ ಕೆಲಸವನ್ನು ನಾಳೆಗೂ ಅಲ್ಲ, ನಾಡಿದ್ದಿಗೆ ತಳ್ಳುವುದು. ಇಂಗ್ಲಿಷಿನವರು ಇದಕ್ಕೊಂದು ಪದ ಕಟ್ಟಿ, ತಾವೇ ಅದನ್ನು ಮರೆತರು. ನಿನ್ನ ಪತ್ರದ ಕೊನೆಯ ಸಾಲು ಓದಿದಾಗ ಈ ಕಾರ್ಡು ನೆನಪಾಯಿತು.

ನಿನ್ನ ದೊಡ್ಡಪ್ಪ

---

ಜೂನ್ ೨೪

ದೊಡ್ಡಪ್ಪ,

ಡಬ್ಬಿ ಸಿಕ್ತು. ಸಂತೋಷ. "ತಪ್ಪಾಯ್ತು ಕಣೋ" ಅಂತ ಎರಡು ಪದ ಬರೆಯೋಕೆ ಅಷ್ಟು ದಪ್ಪ ನಿಘಂಟಲ್ಲಿ ಸಿಗ್ಲಿಲ್ವಾ ನಿಮಗೆ?

ಮೇಲಿಂದ ಇನ್ನೊಂದು ಅವಮಾನ. ನಾನು ಬಾಗಿಲು ಮಾಡ್ತೀನಿ. ಬಾಗಿಲು. ಬಾ ಗಿ ಲು. ಬೆಳಗಾದ್ರೆ ಅದನ್ನೇ ಕೊಯ್ಯೋದು, ಅದನ್ನೇ ಉಜ್ಜೋದು, ಅದಕ್ಕೇ ತಿರುಗಣಿ ಕೂರಿಸೋದು. ನಂಗೆ ಬಾಗಿಲು ಅಂದ್ರೇನು ಅಂತ ಪಾಠ ಮಾಡ್ತೀರಾ? ಮೀನಿಗೆ ಈಜು ಕಲಿಸೋಕೆ ಬಂದ್ರಂತೆ. ಗೋಡೆಗೆ ಒರಗಿ ನಿಂತ ಮರದ ಸಾಮಾನಂತೆ. ಬೀರು ಅನ್ನಿ. ಬೀರು ಅಂದ್ರೆ ನಂಗೆ ಅರ್ಥ ಆಗಲ್ಲ ಅಂತಾನಾ?

ಮಧ್ಯಾಹ್ನ ಬುತ್ತಿ ಬಿಚ್ಚೋವಾಗ ನಿಮ್ಮ ಪತ್ರ ಗಟ್ಟಿಯಾಗಿ ಓದ್ದೆ. ಮೇಸ್ತ್ರಿ ಅನ್ನ ಬಾಯಲ್ಲಿಟ್ಕೊಂಡೇ ನಕ್ಕ. "ಲೇ, ನಿಮ್ಮ ದೊಡ್ಡಪ್ಪ ಕಟ್ಟಿಗೆ ಅಂಗಡೀಲಿ ಮರ ಕೇಳಿದ್ರೆ ಸಂಜೆ ಆಗ್ಬಿಡುತ್ತಲ್ಲೋ" ಅಂದ. ಪಾಲಿಶ್ ಹಚ್ಚೋ ಅಕ್ಕ ಒಬ್ಬಳಿದಾಳೆ, ಅವಳೂ ನಕ್ಕಳು, ಆಮೇಲೆ ಪತ್ರ ಇಸ್ಕೊಂಡು ಇನ್ನೊಂದ್ಸಲ ಓದಿದ್ಲು. ಈಗ ಎಲ್ರೂ ನನ್ನ "ಏನ್ ಮೇಷ್ಟ್ರೇ" ಅಂತಾರೆ. ಅಲ್ಲಿ ಜಾಬರ್, ಇಲ್ಲಿ ಮೇಷ್ಟ್ರು. ನಿಮ್ಮ ಋಣ ಹರಿಯೋದೇ ಇಲ್ಲ.

ಬಾಗಿಲು ಅಂದ್ರೇನು ಅಂತ ನಾನು ಹೇಳ್ತೀನಿ ಕೇಳಿ. ಅರ್ಧ ತೆಗೆದು ಕೈ ಬಿಟ್ರೆ ಅಲ್ಲೇ ನಿಲ್ಲಬೇಕು. ಮುಂದೂ ಹೋಗ್ಬಾರ್ದು, ಹಿಂದೂ ಬರ್ಬಾರ್ದು. ತಾನಾಗಿ ಹೋಗಿ ಬಡೀತು ಅಂದ್ರೆ ತಪ್ಪು ಬಾಗಿಲಿನದಲ್ಲ, ಕೂರಿಸಿದೋನದು. ಮೇಸ್ತ್ರಿ ಕಲಿಸಿದ್ದು. ಕಾರ್ಖಾನೆ ಮುಂಬಾಗಿಲು ಹೋದ ತಿಂಗಳು ನಾನೇ ಕೂರಿಸ್ದೆ. ಅವನು ಅರ್ಧ ತೆಗೆದು ಬಿಟ್ಟು, ಬೀಡಿ ಮುಗಿಯೋವರೆಗೂ ನೋಡ್ದ. ಅಲ್ಲಾಡ್ಲಿಲ್ಲ. ಬೆನ್ನು ತಟ್ಟಿದ. ನನ್ನ ಬೆನ್ನು ಯಾರೋ ತಟ್ಟಿದ್ದು ಅದೇ ಮೊದಲು, ಬರ್ಕೊಳ್ಳಿ ಕಾರ್ಡಲ್ಲಿ.

ನಿಮ್ಮ ತಮ್ಮನ ಮಗ

---

ಜುಲೈ ೯

ಚಿರಂಜೀವಿಗೆ ಆಶೀರ್ವಾದಗಳು.

ನಿನ್ನ ಪತ್ರದಿಂದ ಎರಡು ಪದಗಳು ಸಿಕ್ಕವು. ಉಪಯೋಗವಾಯಿತು.

ನಿನ್ನ ವಿದ್ಯಾಭ್ಯಾಸ ಅರ್ಧಕ್ಕೆ ನಿಂತಿತೆಂಬ ಕೊರಗು ನನಗಿದೆ. ಆದ್ದರಿಂದ ಒಂದು ಸಣ್ಣ ಪರೀಕ್ಷೆ. ಕೆಳಗೆ ಅರ್ಥಗಳಿವೆ. ನೀನು ಪದಗಳನ್ನು ಬರೆದು ಕಳಿಸಬೇಕು. ಕನ್ನಡದಲ್ಲಿ ಸಾಕು.

ಮೂಗಿನ ಮೇಲೆ ಕೂರುವುದು, ಎರಡು ಕಿವಿಗಳಿಗೂ ಕಾಲು ಚಾಚುವುದು; ಇದಿಲ್ಲದೆ ಮುದುಕನು ಓದಲಾರ.

ಕಪ್ಪು ಬಟ್ಟೆ, ಕಡ್ಡಿಗಳ ಪಂಜರ; ಮಳೆಯಲ್ಲಿ ಅರಳುವುದು, ಬಿಸಿಲು ಬಂದರೆ ಮುದುಡಿ ಮೂಲೆ ಸೇರುವುದು.

ಮನೆ ಬಿಟ್ಟು ಹೊರಡುವಾಗ ತಿರುಗಿಸಿ ಜೇಬಿಗೆ ಹಾಕಿಕೊಳ್ಳುವ ಹಲ್ಲಿನ ಲೋಹ. ಕಳೆದರೆ ತನ್ನ ಮನೆಗೆ ತಾನೇ ಪರಕೀಯ.

ಬೆಳಿಗ್ಗೆ ನೀರಿನೊಡನೆ ನುಂಗುವ ಬಿಳಿಯ, ಗುಂಡನೆಯ, ಕಹಿಯ ವಸ್ತು; ರಕ್ತದ ಒತ್ತಡ ಇಳಿಸುವಂಥದು.

ಉತ್ತರ ಬೇಗ ಬರಲಿ. ನಾಲ್ಕನೆಯದು ಮುಖ್ಯ. ನಾಡಿದ್ದಿಗೆ ತಳ್ಳಬೇಡ.

ನಿನ್ನ ದೊಡ್ಡಪ್ಪ

---

ಜುಲೈ ೧೬

ದೊಡ್ಡಪ್ಪ,

ಪರೀಕ್ಷೆ. ಇನ್ನೂ ಪರೀಕ್ಷೆ. ಬೆಂಚ್ ಮೇಲೆ ನಿಲ್ಲಿಸೋದೊಂದು ಬಾಕಿ.

ಕನ್ನಡಿ ಮುಂದೆ ನಿಂತು ನೋಡ್ಕೊಳ್ಳಿ, ಒಂದನೇದಕ್ಕೆ ಉತ್ತರ ಅಲ್ಲೇ ಇದೆ ಅಂತ ಬರೆಯೋಣ ಅಂತಿದ್ದೆ. ಮೇಸ್ತ್ರಿ, "ಬೇಡ್ವೋ, ಹಿರಿಯರು, ಮರ್ಯಾದೆಯಾಗಿ ಉತ್ತರ ಕೊಡು" ಅಂತ ಕಣ್ಣು ಹೊಡೆದ. ಆಮೇಲೆ ಗರಗಸ ನಿಲ್ಲಿಸಿ ಎಲ್ರೂ ಸುತ್ತ ಕೂತು ಉತ್ತರ ಕಟ್ಟಿದ್ರು. ಅಷ್ಟು ನಕ್ಕಿದ್ದು ನಾವು ಈ ವರ್ಷದಲ್ಲಿ ಇಲ್ಲ. ತಗೊಳ್ಳಿ, ಮರ್ಯಾದೆಯಾಗೇ ಬರೀತಿದೀನಿ.

ಒಂದು, ಕತ್ತೆ.
ಎರಡು, ಬಾವಲಿ.
ಮೂರು, ಇಲಿ.
ನಾಲ್ಕು, ಗುಂಡಿ. ಅಂಗಿ ಗುಂಡಿ.

ಕೆಂಪು ಶಾಯೀಲಿ ಸೊನ್ನೆ ಹಾಕಿ ವಾಪಸ್ ಕಳ್ಸಿ. ಸೊನ್ನೆ ನಂಗೆ ಹೊಸದಲ್ಲ. ಇನ್ಮೇಲೆ ಪ್ರಶ್ನೆ ಕಳಿಸ್ಬೇಡಿ. ನಾನು ಪಾಸಾಗೋಕೆ ಹುಟ್ಟಿದೋನಲ್ಲ ಅಂತ ನೀವೇ ತೀರ್ಮಾನ ಮಾಡಿ ಬಹಳ ವರ್ಷ ಆಯ್ತು.

ಜಾಬರ್

---

ಆಗಸ್ಟ್ ೨

ಚಿರಂಜೀವಿಗೆ ಆಶೀರ್ವಾದಗಳು.

ನಿನ್ನ ಉತ್ತರಗಳನ್ನು ಪರಿಶೀಲಿಸಿದೆ. ನಾಲ್ಕಕ್ಕೆ ನಾಲ್ಕು. ನೀನು ತೇರ್ಗಡೆಯಾಗಿದ್ದೀಯೆ.

ಒಂದೆರಡು ಪದಗಳು ಮೊದಲು ಓದಿದಾಗ ನನಗೆ ವಿಚಿತ್ರವೆನಿಸಿದವು. ಆದರೆ ಈಚೆಗೆ ನನ್ನ ಅನಿಸಿಕೆಯನ್ನು ನಾನು ನಂಬುವುದಿಲ್ಲ. ನೀನು ಸುಳ್ಳು ಹೇಳುವವನಲ್ಲ. ಡಬ್ಬಿಯ ವಿಷಯದಲ್ಲಿ ನಾನು ತಪ್ಪಿದ್ದೆ, ನೀನು ಹೇಳಿದ್ದೇ ಸರಿಯಾಗಿತ್ತು. ಆದ್ದರಿಂದ ನಾಲ್ಕನ್ನೂ ಕಾರ್ಡಿನಲ್ಲಿ ಬರೆದು ಆಯಾ ವಸ್ತುವಿನ ಬಳಿ ಅಂಟಿಸಿದ್ದೇನೆ. ಬಾಗಿಲಿಗೆ ಬಾಗಿಲು, ಬೀರುವಿಗೆ ಬೀರು ಎಂದು ಆಗಲೇ ಅಂಟಿಸಿದ್ದೆ. ಮನೆ ಈಗ ಓದುವ ಹಾಗಿದೆ.

ಈ ವಾರ ಮಳೆ ಜೋರು. ಬಾವಲಿಯನ್ನು ಹಿಡಿದು ಪೇಟೆಗೆ ಹೋದೆ. ದಾರಿಯಲ್ಲಿ ಜಾರಿದೆ, ದೊಡ್ಡ ಪೆಟ್ಟೇನಿಲ್ಲ, ಆದರೆ ಕತ್ತೆಯ ಕಾಲು ಮುರಿಯಿತು. ಅಂಗಡಿಗೆ ಹೋಗಿ, ಕತ್ತೆಯ ಎಡಗಾಲು ಮುರಿದಿದೆ, ಕೂರಿಸಿಕೊಡಿ ಎಂದೆ. ಅಲ್ಲಿದ್ದವರೆಲ್ಲ ನಕ್ಕರು. ಒಬ್ಬನು ನನ್ನ ಹಳೆಯ ವಿದ್ಯಾರ್ಥಿ. ಅವನು ನಗದೆ, ನನ್ನ ಮೊಳಕೈ ಹಿಡಿದು ಮನೆಯವರೆಗೆ ಬಿಟ್ಟು ಹೋದ. ಯಾಕೆ ಹಾಗೆ ಮಾಡಿದನೋ ತಿಳಿಯಲಿಲ್ಲ.

ನಾಲ್ಕನೆಯದರ ವಿಷಯ. ಮೊದಲೆಲ್ಲ ಅದನ್ನು ವಿವರಿಸಿ ಕೇಳುತ್ತಿದ್ದೆ. ನಾನು ಮುಗಿಸುವುದರೊಳಗೆ ಅದನ್ನು ಮಾರುವ ಅಂಗಡಿಯವನು ಹಿಂದೆ ನಿಂತವರಿಗೆ ಕೊಟ್ಟು ಕಳಿಸುತ್ತಿದ್ದ. ಈ ಸಲ ಕೈಯಲ್ಲಿ ಪದವಿತ್ತು. ಧೈರ್ಯವಾಗಿ ಹೋಗಿ, ಗುಂಡಿ ಕೊಡಿ ಎಂದೆ. ಇಲ್ಲಿ ಸಿಗುವುದಿಲ್ಲ, ನಿಮ್ಮ ಎದುರುಮನೆಯಲ್ಲೇ ಸಿಗುತ್ತದೆ ಎಂದ. ಆಕೆಯನ್ನು ಕೇಳಿದೆ. ಬಿಳಿಯದೇ ಕೊಟ್ಟಳು, ಗುಂಡನೆಯದೇ, ಆದರೆ ನಡುವೆ ತೂತುಗಳಿದ್ದವು. ಇದಲ್ಲ ಎನ್ನಬೇಕೆಂದಿದ್ದೆ. ಪದ ಸರಿಯಾಗಿರುವಾಗ ಇದಲ್ಲ ಎನ್ನುವುದು ಹೇಗೆ? ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ನುಂಗಿಲ್ಲ. ಹಳೆಯದು ಮುಗಿದು ಕೆಲವು ದಿನಗಳಾದವು. ಬೆಳಿಗ್ಗೆ ತಲೆ ಭಾರ. ಇದರ ಹೊರತು ಆರೋಗ್ಯ.

ನೀನು ಪಾಸಾದುದಕ್ಕೆ ನಿನ್ನ ದೊಡ್ಡಮ್ಮ ಇದ್ದಿದ್ದರೆ ಏನಾದರೂ ಸಿಹಿ ಮಾಡುತ್ತಿದ್ದಳು.

ಇನ್ನಷ್ಟು ಪ್ರಶ್ನೆಗಳನ್ನು ಮುಂದೆ ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ

---

ಆಗಸ್ಟ್ ೮

ದೊಡ್ಡಪ್ಪ,

ಎಲ್ಲಕ್ಕಿಂತ ಮೊದಲು ಇದನ್ನ ಓದಿ. ಓದಿ ಎದ್ದು ಹೋಗಿ ಆ ಚೀಟಿ ಎಲ್ಲ ಕಿತ್ತು ಹಾಕಿ. ಕತ್ತೆ ಅಲ್ಲ, ಕನ್ನಡಕ. ಬಾವಲಿ ಅಲ್ಲ, ಛತ್ರಿ. ಇಲಿ ಅಲ್ಲ, ಬೀಗದ ಕೈ. ಗುಂಡಿ ಅಲ್ಲ, ಮಾತ್ರೆ. ಮಾತ್ರೆ. ಬಿಪಿ ಮಾತ್ರೆ ಅನ್ನಿ. ಟೈಲರ್ ಅಕ್ಕನಿಗೆ ಫೋನ್ ಮಾಡಿ ಹೇಳಿದೀನಿ, ಅವಳೇ ತಂದುಕೊಡ್ತಾಳೆ. ಆ ತೂತಿಂದು ಬಾಯಿಗೆ ಹಾಕ್ಬೇಡಿ.

ನಿಮ್ಮ ಪತ್ರ ಬಂದಾಗ ಎಲ್ರೂ ಮತ್ತೆ ಸುತ್ತ ಕೂತ್ರು. "ಓದ್ರಿ ಮೇಷ್ಟ್ರೇ, ಫಲಿತಾಂಶ" ಅಂದ ಮೇಸ್ತ್ರಿ. ಓದ್ದೆ. ಕತ್ತೆ ಕಾಲಿನ ಹತ್ರ ಬರೋಷ್ಟರಲ್ಲಿ ಮೇಸ್ತ್ರಿ ಹೊಟ್ಟೆ ಹಿಡ್ಕೊಂಡು ಬಗ್ಗಿದ್ದ. ನಾನೂ ನಗ್ತಿದ್ದೆ. ಪಾಲಿಶ್ ಅಕ್ಕ ಮಾತ್ರ ಕೈಲಿದ್ದ ಬಟ್ಟೆ ಕೆಳಗಿಟ್ಲು.

"ನಿಮ್ಮ ದೊಡ್ಡಪ್ಪ ತಮಾಷೆ ಮಾಡ್ತಾರಾ?" ಅಂದ್ಲು.

"ಅವರಾ? ಜನ್ಮದಲ್ಲಿ ಮಾಡಿಲ್ಲ" ಅಂದೆ.

"ಮತ್ತೆ ಯಾಕೆ ನಗ್ತೀಯ?"

ಅಷ್ಟೇ ಅವಳು ಅಂದಿದ್ದು. ನಂಗೆ ಅವಳ ಮೇಲೆ ಎಂಥ ಸಿಟ್ಟು ಬಂತು ಅಂದ್ರೆ ಮರ ಉಜ್ಜೋ ಕೀಸುಳಿ ಎತ್ತಿ ಗೋಡೆಗೆ ಎಸೆದೆ. ಆಮೇಲೆ ಹಲಗೆ ರಾಶಿ ಹಿಂದೆ ಹೋಗಿ ಕೂತು ನಿಮ್ಮ ಪತ್ರ ಎಲ್ಲಾನೂ ಮೊದಲಿಂದ ಓದ್ದೆ. ಮೂಲೇಲಿ ಅವಿತ್ಕೊಂಡು. ನಿಮ್ಮ ಕಾರ್ಡಲ್ಲಿ ಇದ್ದ ಹಾಗೇ. ಬೀರು ಅನ್ನೋಕೆ ನಿಮಗೆ ಒಂದು ಸಾಲು ಬೇಕಾಗಿತ್ತು. ಬಾಗಿಲು ಅನ್ನೋಕೆ ಮೂರು. ನಾನು ಅದನ್ನ ಕೊಬ್ಬು ಅಂದ್ಕೊಂಡೆ.

ಎಷ್ಟು ದಿನದಿಂದ ಹೀಗೆ? ಯಾರಿಗೆ ಹೇಳಿದೀರಿ? ಯಾರಿಗೂ ಹೇಳಿಲ್ಲ, ನಂಗೊತ್ತು. ನನ್ನ ಪಾಸು ಮಾಡೋ ನೆಪದಲ್ಲಿ ಕೇಳ್ತೀರಿ, ಬಾಯಿ ಬಿಟ್ಟು ಕೇಳಲ್ಲ. ಒಂದೇ ಒಂದು ಸಾಲು, "ಪದ ಮರೆತು ಹೋಗ್ತಿದೆ ಕಣೋ" ಅಂತ ಬರೆದಿದ್ರೆ ನಾನು ಆ ರಾಕ್ಷಸ ಕೆಲಸ ಮಾಡ್ತಿದ್ನಾ? ನಿಮ್ಮ ಮೇಲೆ ಸಿಟ್ಟು ಬರ್ತಿದೆ. ನನ್ನ ಮೇಲೆ ಬರ್ತಿರೋದಕ್ಕೆ ಪದ ಇಲ್ಲ. ನಿಮ್ಮ ನಿಘಂಟಲ್ಲೂ ಇರಲ್ಲ.

ಆ ಅಂಗಡೀಲಿ ನಕ್ಕೋರು ಯಾರ್ಯಾರು ಅಂತ ಹೇಳಿ. ಬಂದು ನೋಡ್ಕೋತೀನಿ. ಮೊದಲು ನನ್ನ ಕಪಾಳಕ್ಕೆ ಹೊಡ್ಕೊಂಡು ಆಮೇಲೆ ಅವರ ಹತ್ರ ಹೋಗ್ತೀನಿ.

ರಜ ಕೇಳ್ದೆ. ಆಸ್ಪತ್ರೆ ಆರ್ಡರ್ ಇದೆ, ಒಂದು ಮಹಡಿಯ ಬಾಗಿಲೆಲ್ಲ ಕೂರಿಸ್ಬೇಕು, ನಾಡಿದ್ದು ನೋಡೋಣ ಅಂದ ಮೇಸ್ತ್ರಿ. ನಾಡಿದ್ದು ಬರ್ತೀನಿ. ಅಲ್ಲಿವರೆಗೂ ಏನು ಬೇಕೋ ಬರೀರಿ, ಪರೀಕ್ಷೆ ಅಂತ ಸುಳ್ಳು ಬೇಡ. ಅರ್ಥ ಕಳ್ಸಿ, ನಾನು ಪದ ಕಳಿಸ್ತೀನಿ. ಸರಿಯಾದ್ದು.

---

ಆಗಸ್ಟ್ ೨೧

ಚಿರಂಜೀವಿಗೆ.

ಬಿಳಿಯದನ್ನು ಎದುರುಮನೆಯಾಕೆ ತಂದುಕೊಟ್ಟಳು. ನುಂಗುತ್ತಿದ್ದೇನೆ. ಚೀಟಿಗಳನ್ನು ಬದಲಿಸಿದಳು. ಕತ್ತೆಯ ಚೀಟಿ ಕೀಳುವಾಗ ಆಕೆ ಅತ್ತಳು. ನಾನು ಅಳಲಿಲ್ಲ. ನೀನು ಕೊಟ್ಟದ್ದು ತಪ್ಪು ಪದವಾದರೂ, ಕೊಡುವಾಗ ಯಾರೋ ನನ್ನ ಪ್ರಶ್ನೆಯನ್ನು ಪೂರ್ತಿ ಓದಿದ್ದರಲ್ಲ.

ಹೌದು, ನೀನು ಊಹಿಸಿದ್ದು ನಿಜ. ಮೊದಲು ಎಲ್ ಅಕ್ಷರದ ಪದಗಳು ಹೋದವು ಎಂದು ತಿಳಿದೆ, ಅದಕ್ಕೇ ಡಬ್ಬಿ ಕದ್ದಿದ್ದಾರೆ ಎಂದೆ. ಡಬ್ಬಿ ಸಿಕ್ಕಿತು, ಅವು ಸಿಗಲಿಲ್ಲ. ಆಮೇಲೆ ಮನೆಯಲ್ಲಿರುವ ವಸ್ತುಗಳ ಹೆಸರುಗಳು ಹೋಗತೊಡಗಿದವು. ಜೀವನವೆಲ್ಲ ಪದ ಹಿಡಿದು ಅರ್ಥ ಹುಡುಕಿದೆ. ಈಗ ಅರ್ಥ ಕೈಯಲ್ಲೇ ಇರುತ್ತದೆ, ಪದ ಇರುವುದಿಲ್ಲ. ಆ ದಾರಿಯಲ್ಲಿ ಹಿಂದಕ್ಕೆ ಹೋಗುವ ಪುಸ್ತಕ ನನ್ನಲ್ಲಿಲ್ಲ. ಪಾಠ ಹೇಳಿದವನು ಇದನ್ನು ಯಾರಲ್ಲಿ ಕೇಳುವುದು?

ಇನ್ನು ಒಂದೇ ಪ್ರಶ್ನೆ. ಇದು ಪರೀಕ್ಷೆಯಲ್ಲ. ಲಕೋಟೆಯ ಮೇಲೆ ಬರೆಯಲು ಕೂತೆ, ಬರಲಿಲ್ಲ. ಎದುರುಮನೆಯಾಕೆಯನ್ನು ಕೇಳಲು ನಾಚಿಕೆಯಾಯಿತು. ಅರ್ಥ ಹೀಗಿದೆ.

ನಾಮಪದ. ತಮ್ಮನ ಮಗ. ತಂದೆ ಬಿಟ್ಟುಹೋದ ದಿನ, ತನಗಿಂತ ದೊಡ್ಡ ಚೀಲ ತಬ್ಬಿಕೊಂಡು ನಮ್ಮ ಬಾಗಿಲಲ್ಲಿ ನಿಂತವನು; ಒಳಗೆ ಬಾ ಎಂದು ಮೂರು ಸಲ ಕರೆಸಿಕೊಂಡು ಬಂದವನು.

ಎರಡನೆಯ ಅರ್ಥ: ನಿಧಾನವಾಗಿ ಓದುವವನು, ಓದಿದ್ದನ್ನು ಬಿಡದವನು.

ಮೂರನೆಯ ಅರ್ಥ: ಸಿಟ್ಟು ಬಂದಾಗ ಬಾಗಿಲು ಬಡಿಯುವವನು. ಆ ಸದ್ದು ಕೇಳಿದರೆ ಅವನು ಮನೆಯಲ್ಲಿದ್ದಾನೆ ಎಂದು ತಿಳಿಯಬೇಕು. ಈಗ ಬಹಳ ದಿನಗಳಿಂದ ಕೇಳಿಲ್ಲ.

ಈ ಅರ್ಥಕ್ಕೆ ಹಿಂದೊಮ್ಮೆ ಒಬ್ಬ ಮೇಷ್ಟರು ತರಗತಿಯಲ್ಲಿ ಒಂದು ಇಂಗ್ಲಿಷ್ ಪದ ಹೇಳಿದ್ದರು. ಅದು ತಪ್ಪು. ಬಳಕೆಗೆ ಯೋಗ್ಯವಲ್ಲ. ಕಾರ್ಡು ಹರಿದುಹಾಕಿದ್ದೇನೆ.

ಸರಿಯಾದ ಪದವನ್ನು ಬರೆದು ಕಳಿಸು. ಗೊತ್ತಿತ್ತು, ಈಗಿಲ್ಲ. ದಿನಕ್ಕೆ ಎಷ್ಟೋ ಸಲ ಬಾಯಿ ತೆರೆಯುತ್ತೇನೆ.

ದೊಡ್ಡಪ್ಪ

---

ಆಗಸ್ಟ್ ೨೬

ದೊಡ್ಡಪ್ಪ,

ಇದನ್ನ ಟಪಾಲಿಗೆ ಹಾಕ್ತಿಲ್ಲ. ಕಾರ್ಖಾನೇಲೇ ಕೂತು ಬರೀತಿದೀನಿ, ನಾನೇ ತರ್ತೀನಿ. ಬಸ್ಸಿಗೆ ಇನ್ನೂ ಹೊತ್ತಿದೆ, ಕೈಗೆ ಏನಾದ್ರೂ ಕೆಲಸ ಕೊಡ್ಲಿಲ್ಲ ಅಂದ್ರೆ ಯಾರಿಗಾದ್ರೂ ಹೊಡೆದುಬಿಡ್ತೀನಿ.

ನಿಮ್ಮ ಲಕೋಟೆ ಬಂತು. ಮೇಲೆ ಕಾರ್ಖಾನೆ ವಿಳಾಸ ಸರಿಯಾಗಿತ್ತು, ಹಳೇ ಪತ್ರ ನೋಡಿ ಬರೆದಿರ್ಬೇಕು ನೀವು. ಹೆಸರಿರೋ ಜಾಗದಲ್ಲಿ "ನನ್ನ ತಮ್ಮನ ಮಗನಿಗೆ" ಅಂತಿತ್ತು. ನಾನೇ ಸಿಟ್ಟಲ್ಲಿ ಹಾಕ್ತಿದ್ದ ಸಹಿ. ಆ ಸಹಿ ಹಾಕೋ ಬದ್ಲು ಹೆಸರು ಬರೆದಿದ್ರೆ ನಿಮ್ಮ ಹತ್ರ ಈಗ ಅದು ಇರ್ತಿತ್ತು. ಅಂಚೆಯವನು ಬಾಗಿಲಲ್ಲಿ ನಿಂತು, "ಇಲ್ಲಿ ತಮ್ಮನ ಮಗ ಯಾರ್ರೀ" ಅಂದ. ಎಲ್ರೂ ನನ್ನ ಕಡೆ ನೋಡಿದ್ರು. ಈ ಸಲ ಯಾರೂ ಸುತ್ತ ಕೂರ್ಲಿಲ್ಲ. ನಾನೂ ಗಟ್ಟಿಯಾಗಿ ಓದ್ಲಿಲ್ಲ.

ಓದಿ ಮುಗಿಸಿ ಮೇಸ್ತ್ರಿ ಹತ್ರ ಹೋಗಿ, "ಇವತ್ತೇ ಊರಿಗೆ ಹೊರಟೆ" ಅಂದೆ.

"ಆಸ್ಪತ್ರೆ ಬಾಗಿಲು?" ಅಂದ.

"ಬೇರೆಯೋರು ಕೂರಿಸ್ಲಿ."

"ನಾಡಿದ್ದು ಹೋಗು ಅಂದ್ನಲ್ಲಪ್ಪ. ನಾನೇನು ಹೋಗ್ಲೇಬೇಡ ಅಂದ್ನಾ?"

"ಹೋದ ನಾಡಿದ್ದೂ ಇದನ್ನೇ ಅಂದ್ರಿ. ಅದಕ್ಕೂ ಒಂದು ಇಂಗ್ಲಿಷ್ ಪದ ಇದೆ, ಹೇಳ್ಲಾ?"

"ನಿನ್ನ ಇಂಗ್ಲಿಷ್ ಮನೇಲಿಟ್ಕೋ" ಅಂದ. "ವಯಸ್ಸಾದ್ಮೇಲೆ ಎಲ್ರೂ ಮರೀತಾರೆ ಕಣೋ. ನೀನು ಹೋಗಿ ಏನು ಕಿಸೀತೀಯ? ನೀನೇನು ಡಾಕ್ಟ್ರಾ? ಹೋದ್ರೆ ಹೋಗು, ಆದ್ರೆ ತಿರುಗಿ ಈ ಬಾಗಿಲು ತಟ್ಬೇಡ."

"ತಟ್ಟಲ್ಲ" ಅಂದೆ.

ಕೆಟ್ಟೋನಲ್ಲ ಅವನು. ಕೆಲಸ ಕಲಿಸಿದೋನು. ಆದ್ರೂ ಅವನ ಮುಖ ನೋಡ್ಬೇಕು ಅನ್ನಿಸ್ತಿಲ್ಲ. ಪಾಲಿಶ್ ಅಕ್ಕ ಬಂದು ನನ್ನ ಉಳಿ, ಕೀಸುಳಿ ಎಲ್ಲ ಒರೆಸಿ ಚೀಲಕ್ಕೆ ಹಾಕಿದ್ಲು. "ಅವರು ತಡವರಿಸಿದ್ರೆ ನೀನು ಮಧ್ಯ ಬಾಯಿ ಹಾಕ್ಬೇಡ. ಕಾಯಿ. ಕೇಳಿದ್ಮೇಲೆ ಕೊಡು" ಅಂದ್ಲು. ನಾನು ಒಂದು ಸಾಲು ಓದೋಕೆ ತಡವರಿಸ್ದಾಗ ನೀವು ಕಾಯ್ಲಿಲ್ಲ. ನಾನು ಕಾಯ್ತೀನಿ. ಇದು ಚುಚ್ಚೋಕೆ ಬರೆದಿದ್ದಲ್ಲ. ಆಯ್ತು, ಸ್ವಲ್ಪ ಚುಚ್ಚೋಕೂ ಹೌದು.

ಮೇಸ್ತ್ರಿ ಕೇಳಿದ್ದನ್ನ ನಾನೂ ಕೇಳ್ಕೊಂಡೆ, ದೊಡ್ಡಪ್ಪ. ನಾನು ಬಂದ್ರೆ ಹೋದದ್ದು ವಾಪಸ್ ಬರುತ್ತಾ? ಬರಲ್ಲ ಅನ್ಸುತ್ತೆ. ಮೊದಲು ಒಬ್ಬ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ, ನೀವು ಹಟ ಮಾಡಿದ್ರೆ ಹೊತ್ಕೊಂಡು ಹೋಗ್ತೀನಿ. ಅಲ್ಲೂ ಏನೂ ಆಗಲ್ಲ ಅಂದ್ರೆ ನಾವಿಬ್ರೂ ಕೂತು ಆ ಪುಸ್ತಕ ಮಾಡೋಣ, ನಿಮ್ಮ ಹತ್ರ ಇಲ್ಲ ಅಂದ್ರಲ್ಲ, ಅದು. ನೀವು ಅರ್ಥ ಹೇಳಿ, ನಾನು ಪದ ಬರೀತೀನಿ. ಕನ್ನಡಕದಿಂದ ಶುರು. ಡಬ್ಬಿ ಹೇಗೂ ಇವೆ. ಆ ಉಚ್ಚೆ ಕಾರ್ಡ್ ಎಲ್ಲ ಎತ್ತಿ ಅಟ್ಟಕ್ಕೆ ಹಾಕೋಣ, ಜಾಗ ಬೇಕಾಗುತ್ತೆ.

ನೀವು ಕೇಳಿದ ಪದ ಇಲ್ಲಿ ಬರೆಯಲ್ಲ. ಬರೆದ್ರೆ ನೀವು ಅದನ್ನೂ ಚೀಟಿ ಮಾಡಿ ಎಲ್ಲಾದ್ರೂ ಅಂಟಿಸಿಬಿಡ್ತೀರಿ. ಚೀಟಿ ಅಂಟಿಸ್ಬೇಕಾದ ವಸ್ತು ನಾನೇ, ಎದುರಿಗೇ ಇರ್ತೀನಲ್ಲ. ಬಂದು ನಿಮ್ಮ ಮುಂದೆ ನಿಂತು ಹೇಳ್ತೀನಿ. ಬೆಳಿಗ್ಗೆ ಮರೆತ್ರೆ ಬೆಳಿಗ್ಗೆ ಮತ್ತೆ ಹೇಳ್ತೀನಿ. ಹೇಳಿದ್ದನ್ನೇ ಹೇಳಿ ಪೀಡಿಸೋದಕ್ಕೂ ಓ ಡಬ್ಬೀಲಿ ಒಂದು ಪದ ಇತ್ತಲ್ಲ, ಒಬ್‌ಗ್ಯಾನಿಯೇಟ್. ಅದನ್ನ ಮಾಡ್ತೀನಿ.

ಈ ಸಲ ಒಳಗೆ ಬಾ ಅಂತ ಮೂರು ಸಲ ಕರೀಬೇಕಾಗಿಲ್ಲ.

ಎದುರಿಗೆ ಮುಂಬಾಗಿಲು ಕಾಣ್ತಿದೆ. ನಾನು ಕೂರಿಸಿದ್ದು. ಅರ್ಧ ತೆಗೆದಿದೆ, ನಿಂತಲ್ಲೇ ನಿಂತಿದೆ. ತಾನಾಗಿ ಯಾವತ್ತೂ ಬಡಿಯಲ್ಲ ಅದು, ಆ ಮಾತಿಗೆ ನಾನು ಜವಾಬ್ದಾರಿ. ಬೇಕು ಅಂತಲೇ ಎಳೆದ್ರೆ ಬಡಿಯುತ್ತೆ. ಇಡೀ ಕಾರ್ಖಾನೆ ಅದುರೋ ಹಾಗೆ ಬಡಿಯುತ್ತೆ. ಇಲ್ಲಿಂದ ನಿಮಗೆ ಕೇಳ್ಸಲ್ಲ. ಅಲ್ಲಿಗೆ ಬಂದು ಇನ್ನೊಂದ್ಸಲ ಬಡೀತೀನಿ, ಆಗ ಗೊತ್ತಾಗುತ್ತೆ ಮನೇಲಿದೀನಿ ಅಂತ.

ಮೇಸ್ತ್ರಿ ನೋಡ್ತಿದಾನೆ. ನೋಡ್ಲಿ.

ಕಾಗದ ಚೀಲಕ್ಕೆ. ಪೆನ್ನು ಜೇಬಿಗೆ. ಆಮೇಲೆ ಬಾಗಿಲು.